ಡೀಸೆಲ್ ಯಂತ್ರವೂ ಉಷ್ಣದ ಸುಂಕವೂ

ಎಲೆಯ ದೊನ್ನೆಯಲ್ಲಿ ನೀರನ್ನು ತುಂಬಿ ಕೆಂಡದ ಮೇಲೆ ಹಿಡಿದರೆ ನೀರು ಕುದಿಯುವುದೇ ಹೊರತು, ನೀರು ತಾಗಿರುವಷ್ಟು ಭಾಗದಲ್ಲಿ ಎಲೆಯು ಹೊತ್ತಿಕೊಳ್ಳುವುದಿಲ್ಲವೆಂಬುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಉರಿಯು ಕೊಟ್ಟ ಉಷ್ಣವನ್ನು ನೀರು ಒಡನೆಯೇ ಹೊತ್ತೊಯ್ಯುವುದರಿಂದ ಎಲೆಯು ಬದುಕುತ್ತದೆ. ಡೀಸೆಲ್ ಯಂತ್ರದ ಸಿಲಿಂಡರು ಉಳಿದುಕೊಂಡಿರುವುದೂ ಇದೇ ಉಪಾಯದಿಂದ. ಆದರೆ ಆ ಯಂತ್ರವನ್ನು ಕಲ್ಪಿಸಿದವನಿಗೆ ಈ ಉಪಾಯವು ಸಮ್ಮತವಾಗಿರಲಿಲ್ಲ.

ರುಡಾಲ್ಫ್ ಡೀಸೆಲನು 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, ಮ್ಯೂನಿಕ್ ನಗರದಲ್ಲಿ ಲಿಂಡೆ ಪಂಡಿತನ ಶಿಷ್ಯನಾಗಿ ಉಷ್ಣಶಾಸ್ತ್ರವನ್ನು ಅಭ್ಯಸಿಸಿದವನು. ಅಂದಿನ ಉಗಿಯಂತ್ರಗಳು ಇದ್ದಲಿನ ಶಕ್ತಿಯಲ್ಲಿ ಬಹುಮಟ್ಟಿಗೆ ಹತ್ತರಲ್ಲೊಂದು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತಿದ್ದುದು ಆತನ ಮನಸ್ಸನ್ನು ಕೊರೆಯುತ್ತಿದ್ದಿತು. 1893ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನ ಯಂತ್ರಕ್ಕೆ ನೀರಿನ ತಂಪು ಅನಾವಶ್ಯಕವೆಂದೇ ಆತನು ವಾದಿಸಿದನು. ಹಣ ತೆತ್ತು ಕೊಂಡ ಉಷ್ಣವನ್ನು ನೀರಿಗೆ ಧಾರೆಯೆರೆಯುವುದೇಕೆ? ಅದೇ ವರ್ಷ ಔಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಕಟ್ಟಿದ ಮೊದಲ ಯಂತ್ರಕ್ಕೆ ನೀರಿನ ಕವಚವಿರಲಿಲ್ಲ. ಆಗಸ್ಟ್ 10ರಂದು ಇಂಧನವನ್ನು ಒಳಬಿಟ್ಟೊಡನೆ ಅದು ಸ್ಫೋಟಿಸಿ, ಒತ್ತಡವನ್ನಳೆಯುವ ಸಾಧನವು ಒಡೆದು ಹಾರಿತು. ತಾನಾಗಿ ಉರಿ ಹೊತ್ತುವುದೇನೋ ಸಿದ್ಧವಾಯಿತು. ತಂಪಿಲ್ಲದೆ ಓಡುವುದು ಸಿದ್ಧವಾಗಲಿಲ್ಲ. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಶ್ರೋಟರನು ಪರೀಕ್ಷಿಸಿ ನೂರಕ್ಕೆ 26.2ರಷ್ಟು ಫಲವನ್ನು ಅಳೆದ ಯಂತ್ರಕ್ಕೆ ನೀರಿನ ಕವಚವು ಇದ್ದೇ ಇದ್ದಿತು. ಸಿದ್ಧಾಂತವು ಸೋತಲ್ಲಿ ಯಂತ್ರವು ಗೆದ್ದಿತೆನ್ನಬಹುದು.

ಇದು ಅನಿವಾರ್ಯವಾಗಲು ಕಾರಣವಿದೆ. ಉರಿಯುವ ಅನಿಲದ ಉಷ್ಣತೆಯು ಕ್ಷಣಕಾಲ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅಲ್ಯೂಮಿನಿಯಮ್ಮು 660 ಡಿಗ್ರಿಯಲ್ಲಿಯೇ ಕರಗುತ್ತದೆ. ಲೈನರು ಎಂಬ ಒಳಗವಸಿನ ಮೇಲೆ ಹರಡಿದ ಎಣ್ಣೆಯ ತೆಳುಪದರವಾದರೋ ಇನ್ನೂ ಸುಕುಮಾರವಾದುದು. ಗೋಡೆಯು ಮಿತಿಮೀರಿ ಕಾದರೆ ಅದು ಕರಿಕಟ್ಟಿ, ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಪಿಸ್ಟನ್ನಿನ ನೆತ್ತಿಗೆ ತಾಗಿದ ಉಷ್ಣವು ಅಂಚಿಗೆ ಹರಿದು, ಬಳೆಗಳ ಮೂಲಕ ಲೈನರಿಗೂ ಅಲ್ಲಿಂದ ನೀರಿಗೂ ದಾಟಬೇಕು. ಸಣ್ಣ ಯಂತ್ರದಲ್ಲಿ ಈ ದಾರಿಯು ಹ್ರಸ್ವ. ಹಡಗುಗಳಿಗಾಗಿ ಸಿಲಿಂಡರುಗಳು ಹಿಗ್ಗಿದಂತೆಲ್ಲ ದಾರಿ ಬೆಳೆಯಿತು, ನಡುನೆತ್ತಿಯು ಕಾದಿತು. ಲೋಹವನ್ನು ದಪ್ಪಮಾಡೋಣವೆಂದರೆ ಬಿಸಿಯ ಮಗ್ಗುಲು ಹಿಗ್ಗಲೆಳಸಿ, ತಣ್ಣನೆಯ ಮಗ್ಗುಲು ತಡೆದು, ಬಿರುಕು ಬಿಡುತ್ತಿದ್ದಿತು. ಬಲಪಡಿಸಲು ಮಾಡಿದುದೇ ಕೇಡಿಗೆ ಕಾರಣವಾಯಿತು! ಕೊನೆಗೆ, ಮೇಲೆಕೆಳಗೆ ಓಡಾಡುತ್ತಿರುವ ಪಿಸ್ಟನ್ನಿನೊಳಕ್ಕೇ ಕೊಳವೆಗಳಿಂದ ನೀರನ್ನೋ ಎಣ್ಣೆಯನ್ನೋ ಹಾಯಿಸಿದರು. ಈ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಯುಕ್ತಿಯಿದು. ಇದನ್ನು ಕಂಡ ಕುಶಲಿಗಳ ಹೆಸರನ್ನು ಲೋಕವು ಅಷ್ಟಾಗಿ ನೆನೆಯುವುದಿಲ್ಲ.

ಡೀಸೆಲನು 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಣ್ಮರೆಯಾದನು. ಗೋಡೆಗೆ ಎಷ್ಟು ಉಷ್ಣವು ದಾಟುವುದೆಂಬ ಲೆಕ್ಕವು ಮುಂದಿನವರ ಪಾಲಾಯಿತು. 1923ರಲ್ಲಿ ನುಸ್ಸೆಲ್ಟನೂ, 1939ರಲ್ಲಿ ಐಖೆಲ್‌ಬರ್ಗನೂ, 1967ರಲ್ಲಿ ವೋಷ್ನಿಯೂ ಒಂದೊಂದು ಸೂತ್ರವನ್ನು ಕೊಟ್ಟರು.

ಇಷ್ಟಾದರೂ ಹಳೆಯ ಆಸೆಯು ಸತ್ತಿರಲಿಲ್ಲ. 1970ರ ದಶಕದ ಕೊನೆಯಿಂದ ಅಮೆರಿಕದ ಕಮ್ಮಿನ್ಸ್ ಕಂಪನಿಯೂ ಅಲ್ಲಿಯ ಸೈನ್ಯದ ವಾಹನ ವಿಭಾಗವೂ ಕೂಡಿ, ಸಿಲಿಂಡರಿನ ಒಳಭಾಗಗಳಿಗೆ ಜಿರ್ಕೋನಿಯ ಮುಂತಾದ ಉಷ್ಣನಿರೋಧಕಗಳನ್ನು ತೊಡಿಸಿ, ನೀರಿನ ತಂಪೇ ಇಲ್ಲದ ಲಾರಿಯೊಂದನ್ನು ಓಡಿಸಿಯೂ ತೋರಿಸಿದರು. ಡೀಸೆಲನಿದ್ದಿದ್ದರೆ ಹಿಗ್ಗುತ್ತಿದ್ದನು. ಆದರೆ ಉಳಿಸಿದ ಉಷ್ಣದ ಬಹುಭಾಗವು ಪಿಸ್ಟನ್ನನ್ನು ದೂಡದೆ ಹೊಗೆಯೊಡನೆ ಹೊರಹೋಯಿತು; ಕಾದ ಸಿಲಿಂಡರು ಗಾಳಿಯನ್ನು ಕಡಿಮೆ ಸೆಳೆಯಿತು; ತಾಳಬಲ್ಲ ಎಣ್ಣೆಯೂ ಸುಲಭವಾಗಿ ದೊರೆಯಲಿಲ್ಲ. ಕಾದ ಗೋಡೆಗಳಿಂದ ಇಂಧನದ ವೆಚ್ಚವು ಇಳಿಯುವ ಬದಲು ಏರಿತೆಂದು 1987ರಲ್ಲಿ ವರದಿಮಾಡಿದವನು, ಇಪ್ಪತ್ತು ವರ್ಷಗಳ ಹಿಂದೆ ಸೂತ್ರವನ್ನು ಕೊಟ್ಟ ಆ ವೋಷ್ನಿಯೇ.