ಪಾಂಸುಧಾವಕನೂ ಜಲಗಾರನೂ: ಹೊಳೆಹೊನ್ನಿನ ವಿಚಾರ

ಭೀಮಾತೀರದ ಸನ್ನತಿಯು ಶ್ರೀ ಚಂದ್ರಲಾಂಬಾದೇವಿಯ ಕ್ಷೇತ್ರವೆಂದು ಕನ್ನಡಿಗರಿಗೆ ಪರಂಪರೆಯಿಂದ ಪರಿಚಿತವಾದುದು. ೧೯೮೦ರ ದಶಕದಲ್ಲಿ ಆ ದೇವಾಲಯದ ಆವರಣದ ಕಾಳಿಕಾಗುಡಿಯ ಮಾಳಿಗೆಯು ಕುಸಿದುಬಿದ್ದು, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಹೊರಬಿದ್ದಾಗ, ಅದರ ಎರಡು ಮಗ್ಗುಲಲ್ಲಿಯೂ ಅಶೋಕಚಕ್ರವರ್ತಿಯ ಧರ್ಮಶಾಸನಗಳಿರುವುದು ಗೊತ್ತಾಯಿತು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳೊಡನೆ, ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡುಬಂದಿದ್ದ ಎರಡು ಪ್ರತ್ಯೇಕ ಶಾಸನಗಳೂ ಆ ಕಲ್ಲಿನಲ್ಲಿವೆ. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಮೂರ್ತಿಯ ಬಳಿಯೇ ಅಶೋಕನ ಹೆಸರನ್ನು ಬ್ರಾಹ್ಮೀಲಿಪಿಯಲ್ಲಿ ಕೊರೆದಿರುವುದೂ ಆಮೇಲಿನ ಉತ್ಖನನದಿಂದ ತಿಳಿದುಬಂದಿತು. ಹೀಗೆ ಮೌರ್ಯರ ಆಳಿಕೆಯು ಭೀಮಾತೀರದವರೆಗೆ ಗಟ್ಟಿಯಾಗಿ ನಿಂತಿತ್ತೆಂಬುದರಲ್ಲಿ ಈಗ ಸಂದೇಹವಿಲ್ಲ.

ಆ ಆಳಿಕೆಯ ದಕ್ಷಿಣದ ಪೀಠಕ್ಕೆ ಸುವರ್ಣಗಿರಿಯೆಂದು ಹೆಸರು. ೧೮೯೨ರಲ್ಲಿ ರೈಸ್ ಮಹಾಶಯರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಕಂಡುಹಿಡಿದ ಶಾಸನಗಳು, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸುವ ಮಾತಿನಿಂದ ಮೊದಲಾಗುತ್ತವೆ. ಈ ಸುವರ್ಣಗಿರಿಯು ಮಸ್ಕಿಯೆಂದು ಕೆಲವರೂ, ಕನಕಗಿರಿಯೆಂದು ಕೆಲವರೂ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಹತ್ತಿರದ ಜೊನ್ನಗಿರಿಯೆಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಆ ವಿವಾದವನ್ನು ತೀರಿಸುವುದು ಈ ಲೇಖನದ ಉದ್ದೇಶವಲ್ಲ. ಹೊನ್ನಿನ ಬೆಟ್ಟ ಯಾವುದೆಂದು ಕೇಳಿದವರು ಬಹಳ ಮಂದಿ. ಆ ಹೊನ್ನನ್ನು ಮಣ್ಣಿನಿಂದ ಬೇರೆ ಮಾಡಿದ ಕೈ ಯಾರದೆಂದು ಕೇಳಿದವರು ವಿರಳ. ಪ್ರಕೃತ ನಮ್ಮ ವಿಚಾರವು ಆ ಕೈಯನ್ನು ಕುರಿತದ್ದು.

ಮೊದಲು ಒಂದು ಶಂಕೆಯನ್ನು ಪರಿಹರಿಸಬೇಕು. ಸನ್ನತಿಯಂತಹ ಪುರಾತನ ಪಟ್ಟಣವು ಹೊಳೆಯ ದಡದಲ್ಲಿರುವಾಗ, ಅಲ್ಲಿಯ ಹೊನ್ನು ಭೀಮೆಯ ಮರಳಿನಿಂದಲೇ ಬಂದಿರಬಾರದೇಕೆ? ಇದಕ್ಕೆ ಸಮಾಧಾನವನ್ನು ಭೂಗರ್ಭಶಾಸ್ತ್ರವು ಕೊಡುತ್ತದೆ. ಭೀಮೆಯು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ದಖ್ಖಣದ ಕರಿಗಲ್ಲಿನ ನೆಲವನ್ನು ಬಹುದೂರ ಹಾಯ್ದು, ಬಳಿಕ ಶಹಾಬಾದು, ಚಿತ್ತಾಪುರ, ಸೇಡಂ ಸೀಮೆಗಳ ಸುಣ್ಣಕಲ್ಲಿನ ಪ್ರದೇಶಕ್ಕೆ ಬರುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದುಕಲ್ಲೂ, ಸ್ತೂಪದ ಶಿಲ್ಪಗಳನ್ನು ಕಡೆದ ಕಲ್ಲೂ ಈ ಜಾತಿಯವೇ. ಈ ಎರಡು ಬಗೆಯ ಕಲ್ಲುಗಳೂ ಹೊನ್ನಿಗೆ ತವರಲ್ಲ. ಕನ್ನಡನಾಡಿನಲ್ಲಿ ಹೊನ್ನು ದೊರೆಯುವುದು ಧಾರವಾಡಶಿಲೆಯೆಂದು ಹೆಸರಾದ ಅತಿ ಪುರಾತನವಾದ ಪದರುಕಲ್ಲುಗಳಲ್ಲಿ ಹಾಯ್ದಿರುವ ಬೆಣಚಿನ ಸಿರಗಳಲ್ಲಿ. ಅಂತಹ ನೆಲವು ಸನ್ನತಿಗೆ ದಕ್ಷಿಣದಲ್ಲಿ, ಭೀಮೆಯನ್ನೂ ಕೃಷ್ಣೆಯನ್ನೂ ದಾಟಿದ ಮೇಲೆ, ರಾಯಚೂರಿನ ದೋಆಬಿನಲ್ಲಿದೆ. ಸನ್ನತಿಗೂ ಹಟ್ಟಿಗೂ ನೇರ ಲೆಕ್ಕದಲ್ಲಿ ಸುಮಾರು ೮೦ ಕಿಲೋಮೀಟರಿನ ಅಂತರ. ಆದಕಾರಣ ಸನ್ನತಿಯವರು ಹೊನ್ನನ್ನು ತೊಟ್ಟಿದ್ದರೆ ಅದು ಎರಡು ಹೊಳೆಗಳನ್ನು ದಾಟಿ ಬಂದದ್ದೇ ಹೊರತು, ಊರ ಮುಂದಿನ ಮರಳಿನಲ್ಲಿ ಸಿಕ್ಕಿದ್ದಲ್ಲ.

ಹಟ್ಟಿಯ ಹಳೆಯ ಗಣಿಗಳು ೬೦೦ ಅಡಿಗೂ ಮೀರಿ ಕೆಳಗಿಳಿದಿದ್ದುವು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಸೀಳುವುದು ಅಂದಿನ ಕ್ರಮ. ಒಳಗೆ ಸಿಕ್ಕಿದ ಮರದ ತುಂಡುಗಳ ಇಂಗಾಲಪರೀಕ್ಷೆಯಿಂದ ಆ ಕೆಲಸವು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನದೆಂದು ತಿಳಿದಿದೆ. ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಮೊದಲು ಕಂಡವನು ಪುರಾತತ್ತ್ವದ ಪಂಡಿತನಲ್ಲ. ನಿಜಾಮರ ಸೀಮೆಯಲ್ಲಿ ಹೊನ್ನನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ನಿಜನಾಮವೂ ಸೇರಿರುವುದನ್ನು ಲೋಕಕ್ಕೆ ಮೊದಲು ತೋರಿದ ಶಾಸನವು ಹೊನ್ನು ಹುಡುಕುವವನ ಕಾಲಿಗೆ ಎಡವಿತೆಂಬುದು ಸ್ಮರಣೀಯವಾಗಿದೆ.

ಆದರೆ ಬಂಡೆಯ ಒಳಗಿನ ಸಿರವನ್ನು ಮೊದಲು ಕಂಡುಕೊಂಡದ್ದು ಹೇಗೆ? ಮಳೆಯೂ ಬಿಸಿಲೂ ಬಂಡೆಯನ್ನು ಸವೆಯಿಸುತ್ತವೆ; ಹಳ್ಳವು ಆ ಪುಡಿಯನ್ನು ಒಯ್ಯುತ್ತದೆ; ಹೊನ್ನಿನ ಕಣವು ಭಾರದಿಂದ ತಿರುವುಗಳಲ್ಲಿಯೂ ಬಂಡೆಯ ಸಂದುಗಳಲ್ಲಿಯೂ ತಂಗುತ್ತದೆ. ಹಳ್ಳದಲ್ಲಿ ಕಣವನ್ನು ಕಂಡವನು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ನಡೆದರೆ, ಕಣಗಳು ನಿಂತುಹೋಗುವಲ್ಲಿ ಸಿರವಿರಬೇಕೆಂದು ಊಹಿಸಬಲ್ಲನು. ಆದಕಾರಣ ಕ್ರಮದಲ್ಲಿ ಹೊಳೆಹೊನ್ನು ಮೊದಲು, ಗಣಿಹೊನ್ನು ಆಮೇಲೆ.

ನಮ್ಮ ಕೋಶಗಳೂ ಇದಕ್ಕೆ ಸಾಕ್ಷಿಯಾಗಿವೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರವನ್ನು ಕಂಠಪಾಠ ಮಾಡುವಾಗ ಸುವರ್ಣದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆನು. ಅವುಗಳಲ್ಲಿ ಗಾಂಗೇಯ, ಜಾಂಬೂನದ ಎಂಬೆರಡು ಹೊಳೆಯಿಂದ ಹುಟ್ಟಿದ ಹೆಸರುಗಳೆಂಬುದು ಆಗ ಹೊಳೆದಿರಲಿಲ್ಲ. ಅದೇ ಕೋಶವು ಶೋಣನದಕ್ಕೆ ಹಿರಣ್ಯವಾಹವೆಂಬ ಪರ್ಯಾಯವನ್ನು ಹೇಳುತ್ತದೆ. ಋಗ್ವೇದದಲ್ಲಿ ಸರಸ್ವತಿಗೂ ಸಿಂಧುವಿಗೂ ಹಿರಣ್ಯವರ್ತನಿಯೆಂಬ ವಿಶೇಷಣವುಂಟು. ಚಾಮರಾಜನಗರದ ಸೀಮೆಯ ಸುವರ್ಣಾವತಿಯನ್ನು ಜನರು ಹೊನ್ನುಹೊಳೆಯೆಂದೇ ಕರೆಯುತ್ತಾರೆ. ಹೆಸರಿದ್ದಲ್ಲೆಲ್ಲ ಹೊನ್ನಿದೆಯೆನ್ನುವುದು ಸಾಹಸವಾದೀತು. ಹೊಳೆಗೂ ಹೊನ್ನಿಗೂ ಸಂಬಂಧವನ್ನು ಕಲ್ಪಿಸುವುದು ನಮ್ಮವರಿಗೆ ಸಹಜವಾಗಿತ್ತೆಂದು ಹೇಳಿದರೆ ಸಾಕು.

ಇನ್ನು ತೊಳೆಯುವವನ ವಿಚಾರ. ೧೯೦೯ರಲ್ಲಿ ಮೈಸೂರಿನ ಪಂಡಿತ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಅವನ ಹೆಸರು ದೊರೆಯುತ್ತದೆ: ಪಾಂಸುಧಾವಕ, ಎಂದರೆ ಧೂಳನ್ನು ತೊಳೆಯುವವನು. ಎರಡನೆಯ ಅಧಿಕರಣದಲ್ಲಿ, ಅಕ್ಷಶಾಲೆಯೆಂಬ ರಾಜನ ಹೊನ್ನಿನ ಕಾರ್ಯಾಲಯಕ್ಕೆ ಬರುವ ಕೆಲಸಗಾರರ ಪಟ್ಟಿಯಲ್ಲಿ ಅವನಿದ್ದಾನೆ. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅವರ ಬಟ್ಟೆಯನ್ನೂ ಮೈಯನ್ನೂ ಶೋಧಿಸಬೇಕೆಂದೂ, ಉಪಕರಣಗಳೂ ಮುಗಿಯದ ಕೆಲಸವೂ ಅಲ್ಲಿಯೇ ಉಳಿಯಬೇಕೆಂದೂ ವಿಧಿ. ನಾಲ್ಕನೆಯ ಅಧಿಕರಣದಲ್ಲಿ ಅವನ ಪಾಲನ್ನು ಹೇಳಿದೆ: ತೊಳೆದು ತೆಗೆದ ಸಾರದಲ್ಲಿ ಮೂರರಲ್ಲೊಂದು ಪಾಲು ಅವನಿಗೆ, ಎರಡು ಪಾಲು ರಾಜನಿಗೆ, ರತ್ನ ಸಿಕ್ಕಿದರೆ ಅದೂ ರಾಜನಿಗೆ. ಈ ಪ್ರಕರಣವು ಕುಶಲಕರ್ಮಿಗಳನ್ನು ಕುರಿತದ್ದಾದುದರಿಂದ ಹೊಳೆಯ ಮಣ್ಣಿಗೆ ನೇರವಾಗಿ ಹಚ್ಚಲಾಗದು. ಆದರೂ ಧೂಳು ತೊಳೆಯುವವನಿಗೆ ಕೂಲಿಯಲ್ಲ, ಪಾಲು ಸಲ್ಲುತ್ತಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಪಾಲಿಯ ಅಂಗುತ್ತರನಿಕಾಯದಲ್ಲಿ ಇದೇ ಹೆಸರು ಪಂಸುಧೋವಕನೆಂಬ ರೂಪದಲ್ಲಿದೆ. ಚಿತ್ತದ ಕಲ್ಮಷವನ್ನು ಕಳೆಯುವ ಬಗೆಯನ್ನು ಬೋಧಿಸುವಾಗ ಬುದ್ಧಭಗವಾನನು ಹೊನ್ನು ತೊಳೆಯುವವನ ದೃಷ್ಟಾಂತವನ್ನು ಕೊಡುತ್ತಾನೆ. ಅವನೋ ಅವನ ಶಿಷ್ಯನೋ ಮಣ್ಣನ್ನು ದೋಣಿಯಲ್ಲಿ ಸುರಿದು ತೊಳೆದಾಗ ಮೊದಲು ಹೋಗುವುದು ಧೂಳು, ಉಸುಕು, ನೊರಜು, ಬೋಕಿ. ಬಳಿಕ ಸಣ್ಣ ನೊರಜು, ದಪ್ಪ ಮರಳು. ಕಟ್ಟಕಡೆಗೆ ನವುರಾದ ಮರಳು ಮತ್ತು ಕಪ್ಪುಧೂಳು. ಇಷ್ಟೂ ಹೋದ ಮೇಲೆ ಹೊನ್ನಿನ ಕಣ ಉಳಿಯುತ್ತದೆ. ಈ ಕಪ್ಪುಧೂಳಿನ ಮಾತು ಕೇವಲ ಕವಿಕಲ್ಪನೆಯಲ್ಲ. ನೀರಿನ ಭಾರವನ್ನು ೧ ಎಂದಿಟ್ಟುಕೊಂಡರೆ ಸಾಮಾನ್ಯ ಮರಳಿನದು ೨.೬ಕ್ಕೆ ತುಸು ಮೇಲು, ಕಬ್ಬಿಣದ ಅಂಶವುಳ್ಳ ಕರಿಮರಳಿನದು ಸುಮಾರು ೫, ಹೊನ್ನಿನದು ೧೯.೩. ಭಾರದ ಈ ಕ್ರಮದಲ್ಲಿಯೇ ಅವು ಬೇರ್ಪಡಬೇಕು. ಕರಿಮರಳು ಹೊನ್ನಿನೊಡನೆ ಕಡೆಯವರೆಗೂ ಹಟಹಿಡಿದು ನಿಲ್ಲಲೇಬೇಕು. ದೃಷ್ಟಾಂತವನ್ನು ಹೇಳಿದವರು ತೊಳೆಯುವವನ ಪಕ್ಕದಲ್ಲಿ ಕುಳಿತು ನೋಡಿದ್ದರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕನಗನಹಳ್ಳಿಯಂತಹ ಸ್ತೂಪದ ನೆರಳಿನಲ್ಲಿ ಬೋಧೆ ಕೇಳಿದ ದೋಆಬಿನ ವರ್ತಕನಿಗೆ ಈ ದೃಷ್ಟಾಂತಕ್ಕೆ ಟೀಕೆ ಬೇಕಾಗುತ್ತಿರಲಿಲ್ಲ.

ಈ ಪಾಂಸುಧಾವಕನೇ ನಮ್ಮ ನಾಡಿನ ಜಲಗಾರನು. ಅಕ್ಕಸಾಲೆಯ ಕಸವನ್ನು ತೊಳೆದು ಹೊನ್ನಿನ ಕಣವನ್ನು ತೆಗೆಯುವವನಿಗೂ, ಹಳ್ಳದ ಮಣ್ಣನ್ನು ತೊಳೆಯುವವನಿಗೂ ಕನ್ನಡದಲ್ಲಿ ಇದೊಂದೇ ಹೆಸರು. ಮರಾಠಿಯ ಝಾರೇಕರಿಗಳೂ, ಮಹಾನದಿಯ ಕಡೆಯ ಸೋನಝರರೂ ಈ ಕಸುಬಿನವರೇ. ಗದಗು ಸೀಮೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ, ವಿಶೇಷವಾಗಿ ಡೋಣಿ, ಸೊರಟೂರುಗಳ ಸುತ್ತಿನಲ್ಲಿ, ಹೊನ್ನಿನ ಪುಡಿ ಸಿಕ್ಕುವುದನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗಕ್ಕೆ ಮುಂಚೆಯೇ ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು ಬರೆದನು. ೧೮೭೪ರಲ್ಲಿ ಬ್ರೂಸ್ ಫೂಟ್ ಮಹಾಶಯರು ಡಂಬಳದ ಗುಡ್ಡಗಳ ಹೊನ್ನಿನ ಶಿಲೆಗಳ ಮೇಲೆ ಲೇಖನವನ್ನು ಪ್ರಕಟಿಸಿದಾಗ, ಹಳ್ಳಗಳ ಪರೀಕ್ಷೆಗೆ ಅವರಿಗೆ ನೆರವಾದದ್ದು ಜಲಗಾರನ ಕೈಯೇ. ಡೋಣಿಯೆಂಬ ಊರ ಹೆಸರಿಗೂ ತೊಳೆಯುವ ದೋಣಿಗೂ ನಂಟನ್ನು ಕಟ್ಟುವ ಆಸೆ ಹುಟ್ಟುತ್ತದೆ. ಆದರೆ ಧ್ವನಿಸಾಮ್ಯವೊಂದನ್ನೇ ಹಿಡಿದು ನಿರ್ಣಯಿಸುವುದು ಸಾಧುವಲ್ಲ.

ಕೆಲಸದ ಕ್ರಮ ಹೀಗೆ. ಮಳೆ ಹೊಯ್ದು ಹಳ್ಳ ಬಂದು ಇಳಿದ ಮೇಲೆ ಹೊಸ ಮಣ್ಣು ಎಲ್ಲಿ ತಂಗಿದೆಯೆಂದು ನೋಡಿ, ಗುದ್ದಲಿಯಿಂದ ಕೆರೆದು, ಮರದ ಮರಿಗೆಯಲ್ಲಿ ತುಂಬಿ, ನೀರೆರೆಯುತ್ತ ಕೈಯಿಂದ ಕಲಸಿ ಹಗುರವಾದುದನ್ನು ಹರಿಯಬಿಡುವುದು. ಮನೆಯಲ್ಲಿ ಹೆಂಗಸರು ಅಕ್ಕಿಯನ್ನು ಜಾಲಿಸುವಾಗ ಅಕ್ಕಿಯು ನೀರಿನೊಡನೆ ಸರಿದು ಕಲ್ಲು ಅಡಿಗೆ ನಿಲ್ಲುವಂತೆ, ಇಲ್ಲಿ ಮರಳು ಸರಿದು ಹೊನ್ನು ಅಡಿಗೆ ನಿಲ್ಲುತ್ತದೆ. ಅಲ್ಲಿ ಅಡಿಯದನ್ನು ಚೆಲ್ಲುತ್ತಾರೆ, ಇಲ್ಲಿ ಅಡಿಯದೇ ಜೀವನ. ಕರಿಮರಳಿನಲ್ಲಿ ಬೆರೆತ ನವುರಾದ ಕಣಗಳನ್ನು ಪಾದರಸವು ಹೀರಿಕೊಳ್ಳುತ್ತದೆ. ಅದನ್ನು ಕಾಯಿಸಿದರೆ ರಸವು ಹಾರಿ ಹೊನ್ನು ಉಳಿಯುತ್ತದೆ. ಆ ಹೊಗೆಯು ಪ್ರಾಣಕ್ಕೆ ಕೇಡೆಂಬುದು ಈಗ ಎಲ್ಲರಿಗೂ ತಿಳಿದ ಮಾತು. ಹಿಮ ಕರಗಿ ಹರಿಯುವ ಪರದೇಶದ ಹೊಳೆಗಳಲ್ಲಿ ಬೇಸಗೆಯೇ ಇದಕ್ಕೆ ಕಾಲ. ಕ್ಯಾಲಿಫೋರ್ನಿಯದಲ್ಲಿ ಒಬ್ಬೊಬ್ಬನೇ ಹೊಳೆಯಲ್ಲಿ ಮುಳುಗಿ, ಯಂತ್ರದ ಕೊಳವೆಯಿಂದ ತಳದ ಮರಳನ್ನು ಹೀರಿ ಹೊನ್ನನ್ನು ಸೋಸುತ್ತಿದ್ದನು. ಮೀನಿನ ಸಂತತಿಗೆ ಕೇಡಾಗುವುದೆಂದು ೨೦೦೯ರಲ್ಲಿ ಅಲ್ಲಿಯ ಸರಕಾರವು ಅದನ್ನು ತಡೆಯಿತು. ನಮ್ಮ ಹಳ್ಳಗಳಾದರೋ ಬೇಸಗೆಯಲ್ಲಿ ಒಣಗಿ ಬರಿ ಮರಳಾಗುತ್ತವೆ. ಆದ್ದರಿಂದ ಜಲಗಾರನ ಸುಗ್ಗಿ ಮಳೆಗಾಲದಿಂದ ಹಳ್ಳ ಬತ್ತುವವರೆಗೆ ಮಾತ್ರ.

ಇವನು ಒಂಟಿಯಾಗಿಯೇ ಏಕೆ ದುಡಿದನೆಂಬುದಕ್ಕೆ ಕಾರಣವು ಕಸುಬಿನಲ್ಲಿಯೇ ಇದೆ. ಹಳ್ಳದಲ್ಲಿ ಹೊನ್ನು ಚೆದುರಿರುತ್ತದೆ. ನೂರು ಜನರನ್ನು ಕೂಡಿಸಿದರೆ ಅವರ ಕೂಳಿಗೂ ಸಾಲದು. ಒಬ್ಬನಿಗಾದರೆ ದಿನ ಕಳೆದೀತು. ಪ್ರತಿಯೊಂದು ಹಳ್ಳಕ್ಕೂ ಕಾವಲಿಡುವುದು ರಾಜನಿಗೂ ಅಸಾಧ್ಯ. ಕೌಟಿಲ್ಯನು, ಹೆಚ್ಚು ವೆಚ್ಚ ಬೇಡುವ ಗಣಿಯನ್ನು ಪಾಲಿಗೋ ಗುತ್ತಿಗೆಗೋ ಕೊಡಬೇಕು, ಹಗುರವಾದುದನ್ನು ರಾಜನು ತಾನೇ ನಡೆಸಬೇಕು ಎನ್ನುತ್ತಾನೆ. ಹಳ್ಳದ ತೊಳೆತವು ಈ ಎರಡಕ್ಕೂ ಹೊರಗೆ ಉಳಿದು, ಮರಿಗೆಯೊಂದರ ಬಂಡವಾಳದಿಂದ ಬಡವನು ನಡೆಸಬಲ್ಲ ಕೆಲಸವಾಯಿತು.

ಇಂತಹ ಅಲ್ಪವಾದ ಕಸುಬಿಗೆ ಇತಿಹಾಸದಲ್ಲಿ ಸ್ಥಾನವೇಕೆಂದು ಪೂರ್ವಪಕ್ಷವನ್ನು ಹೂಡಬಹುದು. ಕೋಲಾರದ ವೃತ್ತಾಂತವೇ ಇದಕ್ಕೆ ಉತ್ತರ. ೧೮೦೨ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟೆನೆಂಟ್ ಜಾನ್ ವಾರನ್, ಹೊನ್ನಿನ ಸುದ್ದಿಯನ್ನು ಕೇಳಿ, ತೋರಿಸಿದವರಿಗೆ ಬಹುಮಾನವನ್ನು ಸಾರಿದನು. ಊರಿಗಾಮಿನವರು ಮಣ್ಣನ್ನು ತಂದರು. ಅವನ ಕಣ್ಣೆದುರಿಗೆ ಹೆಂಗಸರು ಅದನ್ನು ತೊಳೆದು ಹೊನ್ನಿನ ಕಣವನ್ನು ತೋರಿಸಿದರು. ಆ ವರದಿಯ ಜಾಡನ್ನು ಹಿಡಿದೇ ೧೮೭೦ರ ದಶಕದಲ್ಲಿ ಮೈಕಲ್ ಲವೆಲ್ ಅಪ್ಪಣೆಯನ್ನು ಪಡೆದನು, ಮುಂದೆ ಅಲ್ಲಿ ಲೋಕಪ್ರಸಿದ್ಧವಾದ ಗಣಿಗಳೆದ್ದುವು, ೨೦೦೧ರಲ್ಲಿ ಮುಚ್ಚಿದುವು. ವಾರನ್ನನ ಹೆಸರೂ ಲವೆಲ್ಲನ ಹೆಸರೂ ಪುಸ್ತಕಗಳಲ್ಲಿ ಉಳಿದಿವೆ. ತೊಳೆದು ತೋರಿಸಿದ ಹೆಂಗಸರಲ್ಲಿ ಒಬ್ಬಳ ಹೆಸರೂ ನಮಗೆ ಬಂದಿಲ್ಲ. ಸುವರ್ಣಗಿರಿಯ ಆರ್ಯಪುತ್ರನ ಸಂದೇಶವು ಬಂಡೆಯ ಮೇಲೆ ಉಳಿದು, ಅವನ ಬೊಕ್ಕಸವನ್ನು ತುಂಬಿದವನ ಸುಳಿವು ಅಳಿದುದೂ ಇದೇ ಬಗೆ.

ಶಬ್ದಕ್ಕೂ ಇದೇ ಗತಿಯಾಯಿತು. ಜಲಗಾರನೆಂದರೆ ಈಗಿನ ಓದುಗರಿಗೆ ತೋರುವುದು ಬೀದಿಯನ್ನು ಗುಡಿಸುವವನು. ಶ್ರೀ ಕುವೆಂಪು ಅವರ ಪ್ರಸಿದ್ಧವಾದ ನಾಟಕದಲ್ಲಿಯೂ ಈ ಅರ್ಥವೇ. ಅಕ್ಕಸಾಲಿಗನ ಕಸವನ್ನು ಗುಡಿಸಿ ತೊಳೆಯುತ್ತಿದ್ದವನಲ್ಲಿ, ತೊಳೆಯುವ ಭಾಗ ಮರೆತು ಗುಡಿಸುವ ಭಾಗ ಉಳಿಯಿತೆಂದು ಊಹಿಸುತ್ತೇನೆ. ಕಸದಲ್ಲಿ ಹೊನ್ನನ್ನು ಕಂಡವನ ಹೆಸರಿನಲ್ಲಿ ಲೋಕವು ಕಸವನ್ನು ಮಾತ್ರ ಇಟ್ಟುಕೊಂಡಿತು.

ಕಪ್ಪತಗುಡ್ಡವು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅಲ್ಲಿಯ ಹಳ್ಳಗಳನ್ನು ಮತ್ತೆ ಕೆರೆಯಬೇಕೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಹಳ್ಳಿಗಳ ಹಿರಿಯರ ಬಾಯಲ್ಲಿ ಜಲಗಾರರ ಉಪಕರಣಗಳ ಹೆಸರು, ಮಣ್ಣಿನ ಗುರುತು, ಪಾಲಿನ ಲೆಕ್ಕ, ಹಳ್ಳದ ತಿರುವುಗಳ ಹೆಸರು ಇನ್ನೂ ಉಳಿದಿದ್ದರೆ, ಅವನ್ನು ಸಂಗ್ರಹಿಸುವುದು ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಅವಶ್ಯವಾದುದು. ಶಾಸನವು ಸಾವಿರಾರು ವರ್ಷ ಪೀಠದ ಕಲ್ಲಾಗಿಯಾದರೂ ಕಾದಿರಬಲ್ಲದು. ಬಾಯಿಮಾತಿಗೆ ಆ ಆಯುಸ್ಸಿಲ್ಲ. ಆ ಸೀಮೆಗಳ ವಾಚಕಮಹಾಶಯರು ಈ ಕಾರ್ಯದಲ್ಲಿ ಮನಸ್ಸಿಟ್ಟರೆ ಲೇಖಕನ ಶ್ರಮವು ಸಾರ್ಥಕವಾಗುವುದು.