ಮೂಗುದಾರ ಕಳಚಿದ ಬಗೆ: ಭಾರತದಲ್ಲಿ ಕರಡಿ ಕುಣಿತದ ಕೊನೆ ಮತ್ತು ತಳಮಟ್ಟದ ಹೋರಾಟ

ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ 2009ರ ಡಿಸೆಂಬರ್ 18ರಂದು ರಾಜು ಎಂಬ ಕರಡಿ ಬಂದು ಸೇರಿತು. ಅದನ್ನು ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರ್ ಸಮುದಾಯದ ಕೈಯಿಂದಲೇ ಅದು ಬಂತು. ಬೀದಿಯಲ್ಲಿ ಕುಣಿದ ಭಾರತದ ಕೊನೆಯ ಕರಡಿ ಅದೆಂದು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ದಾಖಲಿಸಿದೆ. ಅಷ್ಟು ಹೊತ್ತಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು 37 ವರ್ಷಗಳಾಗಿದ್ದವು. ಕಾಡುಪ್ರಾಣಿಯನ್ನು ಹಿಡಿಯಬಾರದು, ಅನುಮತಿಯಿಲ್ಲದೆ ಇಟ್ಟುಕೊಳ್ಳಬಾರದು ಎಂದು 1972ರಲ್ಲೇ ಕಾನೂನು ಹೇಳಿತ್ತು. ಆದರೂ ಆಗ್ರಾ ಹೆದ್ದಾರಿಯ ಪ್ರವಾಸಿಗಳ ಮುಂದೆ, ನಮ್ಮ ಸಂತೆ ಜಾತ್ರೆಗಳಲ್ಲಿ, ಊರ ಓಣಿಗಳಲ್ಲಿ ಡಮರುಗದ ಸದ್ದಿಗೆ ಕರಡಿ ಎದ್ದು ನಿಲ್ಲುತ್ತಲೇ ಇತ್ತು. ಕಾನೂನು ಇದ್ದೂ ನಿಲ್ಲದ ಒಂದು ಪದ್ಧತಿ, ಹೋರಾಟ ಬೀದಿಗಿಳಿದ ಮೇಲೆ ಹತ್ತು ಹದಿನೈದು ವರ್ಷಗಳಲ್ಲಿ ನಿಂತುಹೋಯಿತು. ಅದು ಹೇಗೆ ನಿಂತಿತು ಎಂಬುದೇ ಈ ಲೇಖನದ ವಿಷಯ. ಕರಡಿಯ ಪರವಾಗಿ ಎತ್ತಿದ ದನಿ ಕರಡಿ ಆಡಿಸುವವನ ಗುಡಿಸಲಿನ ಒಳಗೂ ಹೋಗಿ ಕೂತಾಗ ಮಾತ್ರ ಅದು ನಿಂತಿತು ಎಂಬುದು ನನ್ನ ವಾದ.

ಮೊದಲು ಆ ಕುಣಿತ ಏನಾಗಿತ್ತು ಎಂಬುದನ್ನು ನೋಡಬೇಕು. ನಮ್ಮ ಕರಡಿ ಗೆದ್ದಲು, ಇರುವೆ, ಜೇನು, ಕಾಡುಹಣ್ಣುಗಳನ್ನು ತಿಂದು ಬದುಕುವ ಪ್ರಾಣಿ. ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿನಿಂದಲೇ ಅದು ಹುತ್ತದ ಗೆದ್ದಲನ್ನು ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಗವಿಯಲ್ಲಿ ಮರಿ ಹಾಕುವ ತಾಯಿ, ಅವುಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಗಳ್ಳರು ಬರುತ್ತಿದ್ದುದು ಮರಿಗಳು ಇನ್ನೂ ಗವಿಯಲ್ಲಿರುವಾಗ. ತಾಯಿ ಮೇವಿಗೆ ಹೋದಾಗ, ಇಲ್ಲವೇ ತಾಯಿಯನ್ನು ಕೊಂದು, ಕೆಲವೇ ವಾರಗಳ ಮರಿಗಳನ್ನು ಗವಿಯಿಂದ ಎತ್ತಿಕೊಂಡು ಹೋಗುತ್ತಿದ್ದರು. ಕೈಯಿಂದ ಕೈಗೆ ಮಾರಾಟವಾಗಿ ಬಂದ ಮರಿಯ ಮೂತಿಗೆ ಕಾದ ಕಬ್ಬಿಣದ ಸಲಾಕೆಯಿಂದ ತೂತು ಕೊರೆದು ಹಗ್ಗ ಪೋಣಿಸಲಾಗುತ್ತಿತ್ತು. ನೋವು ನಿವಾರಿಸುವ ಮದ್ದು ಯಾವುದೂ ಇರಲಿಲ್ಲ. ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು, ಉಗುರುಗಳನ್ನು ಕತ್ತರಿಸುತ್ತಿದ್ದರು. ಹಗ್ಗ ಜಗ್ಗಿದಾಗ ಮೂತಿಯ ಗಾಯ ಉರಿಯುತ್ತದೆ. ಆ ಎಳೆತದಿಂದ ತಪ್ಪಿಸಿಕೊಳ್ಳಲು ಪ್ರಾಣಿ ಹಿಂಗಾಲ ಮೇಲೆ ಏಳುತ್ತದೆ, ಅತ್ತಿತ್ತ ಹೆಜ್ಜೆ ಹಾಕುತ್ತದೆ. ನೋಡುವವರು ಕುಣಿತ ಎಂದು ಚಪ್ಪಾಳೆ ತಟ್ಟುತ್ತಿದ್ದುದು ಇದಕ್ಕೆ. ಗಾಯ ಮಾಯದಂತೆ ಹಗ್ಗವೇ ನೋಡಿಕೊಳ್ಳುತ್ತಿತ್ತು, ಏಕೆಂದರೆ ಮಾಯ್ದರೆ ಕರಡಿ ಮಾತು ಕೇಳುತ್ತಿರಲಿಲ್ಲ. ರೊಟ್ಟಿ, ಹಾಲು, ತೆಳ್ಳನೆಯ ಬೇಳೆಯಲ್ಲಿ ಬೆಳೆದ ಈ ಕರಡಿಗಳು ಪುನರ್ವಸತಿ ಕೇಂದ್ರಗಳಿಗೆ ಬಂದಾಗ ಕ್ಷಯ, ಕಣ್ಣಿನ ಪೊರೆ, ಹೊಟ್ಟೆಹುಳು, ಕೊಳೆತ ಒಸಡುಗಳಿಂದ ನರಳುತ್ತಿದ್ದವು. ಹಗ್ಗ ಬಿಚ್ಚಿ ವರ್ಷಗಳಾದರೂ ಕೆಲವು ಕರಡಿಗಳು ನಿಂತಲ್ಲೇ ತಲೆ ತೂಗುವುದನ್ನು ಬಿಡಲಿಲ್ಲ.

ನೋಡುತ್ತಿದ್ದವರು ನಾವೇ. ಕನ್ನಡನಾಡಿನ ಊರುಗಳಲ್ಲಿ ಕರಡಿ ಬಂತೆಂದರೆ ಅದು ಕೇವಲ ಆಟವಾಗಿರಲಿಲ್ಲ. ಬೆಚ್ಚಿಬೀಳುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುವುದು, ರಾಮಾಯಣದ ಜಾಂಬವಂತನ ನೆನಪಿನಲ್ಲಿ ಕೈ ಮುಗಿಯುವುದು ಎಲ್ಲವೂ ಇದ್ದವು. ಪ್ರಾಣಿಯ ಬಗ್ಗೆ ಜನರಲ್ಲಿ ಭಕ್ತಿಯಿತ್ತು, ಅದರ ಮೂತಿಯ ರಕ್ತ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ನಂಬಿಕೆ ಮತ್ತು ಮನರಂಜನೆ ಒಂದರೊಳಗೊಂದು ಹೆಣೆದುಕೊಂಡಿದ್ದ ಇಂಥ ಕಡೆ ನಿಷೇಧದ ಫಲಕ ನೆಟ್ಟು ಬರುವುದರಿಂದ ಆಗುವುದು ಬಹಳ ಕಡಿಮೆ.

ಇನ್ನು ಕಾನೂನಿನ ಕಡೆ ತಿರುಗೋಣ. ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್ 1950ರ ದಶಕದ ಆರಂಭದಲ್ಲಿ ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಮಸೂದೆ ತರುವುದಾಗಿ ನೆಹರೂ ಭರವಸೆ ಕೊಟ್ಟ ಮೇಲೆ ಅವರು ಅದನ್ನು ಹಿಂತೆಗೆದುಕೊಂಡರು. ಹಾಗೆ ಬಂದದ್ದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಪ್ರದರ್ಶನ ಪ್ರಾಣಿಗಳಿಗಾಗಿಯೇ ಅದರಲ್ಲಿ ಒಂದು ಅಧ್ಯಾಯವಿದೆ. ಯಾವ ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು 22ನೇ ಕಲಮು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. 1991ರ ಮಾರ್ಚ್‌ನಲ್ಲಿ ಅಂಥ ಅಧಿಸೂಚನೆ ಹೊರಟಿತು, ಸರ್ಕಸ್ ಮಾಲೀಕರು ದೆಹಲಿ ಹೈಕೋರ್ಟಿಗೆ ಹೋದರು, ಅದು ಸ್ಥಗಿತಗೊಂಡಿತು. ಸಮಿತಿಯ ಪರಿಶೀಲನೆ ನಡೆದ ಮೇಲೆ 1998ರ ಅಕ್ಟೋಬರ್ 14ರಂದು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಹೆಸರಿಸಿ ಹೊಸ ಅಧಿಸೂಚನೆ ಬಂತು. ಎನ್. ಆರ್. ನಾಯರ್ ಪ್ರಕರಣದಲ್ಲಿ 2000ದಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು.

ಇಲ್ಲಿ ಒಂದು ಅಂಶದ ಬಗ್ಗೆ ನಮ್ಮ ಚರ್ಚೆಗಳು ಮೌನವಾಗಿವೆ. ಅದೇ ಅಧ್ಯಾಯದ 21ನೇ ಕಲಮು ‘ಪ್ರದರ್ಶನ’ವನ್ನು ಟಿಕೆಟ್ ಮಾರಿ ಸಾರ್ವಜನಿಕರನ್ನು ಒಳಗೆ ಬಿಡುವ ಮನರಂಜನೆಗೆ ಸೀಮಿತಗೊಳಿಸುತ್ತದೆ. ಸರ್ಕಸ್ ಡೇರೆಗೆ ಟಿಕೆಟ್ ಉಂಟು. ಓಣಿಯಲ್ಲಿ ನಿಂತು ಕರಡಿ ಆಡಿಸಿ, ತಟ್ಟೆ ಹಿಡಿದು ಚಿಲ್ಲರೆ ಕೇಳುವವನ ಬಳಿ ಟಿಕೆಟ್ ಎಲ್ಲಿಂದ ಬಂತು? ಹೀಗಾಗಿ ನ್ಯಾಯಾಲಯದಲ್ಲಿ ಗೆದ್ದ ಆ ದೊಡ್ಡ ಜಯ ಬೀದಿಯ ಕರಡಿಯ ಮಟ್ಟಿಗೆ ಬಹುಪಾಲು ದೂರದ ಜಯವಾಗಿತ್ತು. ಬೀದಿಯಲ್ಲಿ ಕೆಲಸಕ್ಕೆ ಬರುತ್ತಿದ್ದುದು ವನ್ಯಜೀವಿ ಕಾಯ್ದೆಯೇ. ಅದನ್ನು ಜಾರಿ ಮಾಡಬೇಕಾದ ಅರಣ್ಯಾಧಿಕಾರಿಯ ಮುಂದೆ ಎರಡು ತೊಡಕುಗಳಿದ್ದವು. ಕರಡಿಯನ್ನು ವಶಪಡಿಸಿಕೊಂಡರೆ ಅದನ್ನು ಇಡಲು ಜಾಗವಿಲ್ಲ. ಹಲ್ಲು, ಉಗುರು ಕಳೆದುಕೊಂಡದ್ದನ್ನು ಕಾಡಿಗೆ ಬಿಡುವಂತಿಲ್ಲ. ಅದನ್ನು ಆಡಿಸುವವನನ್ನು ಜೈಲಿಗೆ ಹಾಕಿದರೆ ಅವನ ಮನೆಯ ಒಲೆ ಆರುತ್ತದೆ, ಹೊರಬಂದವನು ಇನ್ನೊಂದು ಮರಿ ಕೊಳ್ಳುತ್ತಾನೆ. ಮರಿ ಕೊಂಡರೆ ಮತ್ತೊಂದು ಗವಿ ಬರಿದಾಗುತ್ತದೆ. ಹೀಗೆ ವಶಪಡಿಸಿಕೊಳ್ಳುವ ಕ್ರಮವೇ ಹೊಸ ಬೇಟೆಗೆ ಬೇಡಿಕೆ ಹುಟ್ಟಿಸುವ ಅಪಾಯವಿತ್ತು.

ಈ ಗಂಟನ್ನು ಬಿಚ್ಚಿದ ಕೆಲಸ ಶುರುವಾದದ್ದು 1995ರ ಆಸುಪಾಸಿನಲ್ಲಿ. ದೆಹಲಿಯ ಫ್ರೆಂಡಿಕೋಸ್ ಪ್ರಾಣಿ ಆಶ್ರಯದಲ್ಲಿ ದುಡಿಯುತ್ತಿದ್ದ ಗೀತಾ ಶೇಷಮಣಿ ಮತ್ತು ಕಾರ್ತಿಕ್ ಸತ್ಯನಾರಾಯಣ್ ಆ ವರ್ಷ ವೈಲ್ಡ್‌ಲೈಫ್ ಎಸ್‌ಒಎಸ್ ಕಟ್ಟಿದರು. ಅವರು ಮೊದಲು ಮಾಡಿದ್ದು ಕಲಂದರರ ಹಳ್ಳಿಗಳಿಗೆ ಹೋಗಿ ಕೂತು ಮಾತಾಡುವ ಕೆಲಸ. ಎಷ್ಟು ಕರಡಿಗಳಿವೆ, ಮರಿ ಎಲ್ಲಿಂದ ಬರುತ್ತದೆ, ದಿನಕ್ಕೆಷ್ಟು ದುಡಿಮೆ, ಸಾಲ ಯಾರ ಕೈಯಲ್ಲಿದೆ, ಮಕ್ಕಳು ಶಾಲೆಗೆ ಹೋಗುತ್ತವೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿಯೇ ಮುಂದಿನ ಯೋಜನೆ ರೂಪುಗೊಂಡಿತು. ಸೂಫಿ ಪರಂಪರೆಯ ಹೆಸರು ಹೊತ್ತ, ಹಿಂದೆ ಮೊಘಲರ ಆಸ್ಥಾನದಲ್ಲೂ ಆಟ ತೋರಿಸಿದೆವೆಂದು ಹೇಳಿಕೊಳ್ಳುವ ಈ ಅಲೆಮಾರಿ ಮುಸ್ಲಿಂ ಸಮುದಾಯಕ್ಕೆ ಹೊಲವಿರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಪ್ರತಿ ಕುಟುಂಬಕ್ಕೆ ಸುಮಾರು 50,000 ರೂಪಾಯಿ ಮೂಲಬಂಡವಾಳ, ಕರಡಿಯನ್ನು ಒಪ್ಪಿಸಿ ಮತ್ತೆಂದೂ ಮರಿ ಕೊಳ್ಳುವುದಿಲ್ಲವೆಂಬ ಕರಾರು, ಮಕ್ಕಳ ಓದಿಗೆ ನೆರವು, ಹೆಂಗಸರಿಗೆ ಹೊಲಿಗೆ ಕಸೂತಿಯ ತರಬೇತಿ ಎಂಬ ಒಪ್ಪಂದ ರೂಪುಗೊಂಡಿತು. ಗಂಡಸರು ಕಿರಾಣಿ ಅಂಗಡಿ ಇಟ್ಟರು, ಆಟೊ ಓಡಿಸಿದರು, ಜಮಖಾನೆ ನೇಯ್ದರು. ಕೆಲವರು ಪುನರ್ವಸತಿ ಕೇಂದ್ರಗಳಲ್ಲೇ ಕರಡಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು.

ಕರಡಿಗಳಿಗೆ ನೆಲೆ ಸಿಕ್ಕಿದ್ದು ಆಗ್ರಾ ಬಳಿಯ ಸೂರ್ ಸರೋವರ ಪಕ್ಷಿಧಾಮದ ಒಳಗೆ. ಅಲ್ಲಿಗೆ 2002ರ ಡಿಸೆಂಬರ್‌ನಲ್ಲಿ ಮೊದಲ ಕರಡಿಗಳು ಬಂದವು. ಬನ್ನೇರುಘಟ್ಟದ ಕೇಂದ್ರ 2005ರಲ್ಲಿ ಶುರುವಾಯಿತು. ಭೋಪಾಲದ ವನವಿಹಾರ, ಪಶ್ಚಿಮ ಬಂಗಾಳದ ಪುರುಲಿಯಾಗಳಲ್ಲೂ ಕೇಂದ್ರಗಳು ತಲೆಯೆತ್ತಿದವು. ಒಟ್ಟು 600ಕ್ಕೂ ಹೆಚ್ಚು ಕರಡಿಗಳ ಮೂಗುದಾರ ಕತ್ತರಿಸಲಾಯಿತು. ಹಣದ ಒಂದು ಪಾಲು ಬ್ರಿಟನ್ನಿನ ಇಂಟರ್‌ನ್ಯಾಷನಲ್ ಅನಿಮಲ್ ರೆಸ್ಕ್ಯೂ, ಆಸ್ಟ್ರೇಲಿಯಾದ ಫ್ರೀ ದಿ ಬೇರ್ಸ್ ಸಂಸ್ಥೆಗಳಿಂದ ಬಂತು. ಈ ಎರಡನೆಯದರ ಹುಟ್ಟು ಇಲ್ಲಿ ನೆನೆಯುವಂಥದು. ಪರ್ತ್ ನಗರದ ಮೇರಿ ಹಟ್ಟನ್ 1993ರಲ್ಲಿ ಪಿತ್ತರಸಕ್ಕಾಗಿ ಪಂಜರದಲ್ಲಿಟ್ಟ ಕರಡಿಗಳ ದೃಶ್ಯವನ್ನು ಟಿವಿಯಲ್ಲಿ ಕಂಡು, ತಡೆಯಲಾರದೆ ಅಂಗಡಿ ಸಾಲಿನಲ್ಲಿ ನಿಂತು ಜನರ ಸಹಿ ಸಂಗ್ರಹಿಸಿದ ಸಾಮಾನ್ಯ ಗೃಹಿಣಿ. ಆ ಸಹಿಗಳಿಂದ ಬೆಳೆದ ಸಂಸ್ಥೆಯ ದುಡ್ಡು ಉತ್ತರ ಪ್ರದೇಶದ ಕಲಂದರ್ ಮನೆಯ ಹೊಲಿಗೆ ಯಂತ್ರವಾಯಿತು. ತಳಮಟ್ಟದ ಹೋರಾಟ ಎಂದಾಗ ಸಂಶೋಧಕರು ಸಾಮಾನ್ಯವಾಗಿ ಒಂದೇ ಊರಿನ ಜನರನ್ನು ಎಣಿಸುತ್ತಾರೆ. ಈ ಪ್ರಕರಣದಲ್ಲಿ ತಳ ಎರಡು ಖಂಡಗಳಲ್ಲಿತ್ತು.

ಒಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು. ಈ ಕಥೆಯ ಬಹುತೇಕ ಆಕರಗಳು ರಕ್ಷಿಸಿದವರು ಬರೆದವು. ಅಂಕಿಗಳು ಅವರವು, ಚಿತ್ರಗಳು ಅವರವು, ‘ಕೊನೆಯ ಕರಡಿ’ ಎಂಬ ಘೋಷಣೆಯೂ ಅವರದು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಅವರು ಮಾಡಿದ ಕೆಲಸ ದೊಡ್ಡದು. ಆದರೆ ಕರಡಿಯನ್ನು ಮಗುವಿನಂತೆ ಸಾಕಿದೆವು ಎನ್ನುತ್ತಲೇ ಅದರ ಮೂತಿಗೆ ಸಲಾಕೆ ಹಾಕಿದ ಮನುಷ್ಯನ ಒಳಗೇನಿತ್ತು, ಮರಿಗೆ ಹಾಲು ಕುಡಿಸಿದ ಹೆಂಗಸು ಅದನ್ನು ಕಳಿಸಿಕೊಟ್ಟ ದಿನ ಏನು ಹೇಳಿದಳು, ಕೊಟ್ಟ ಬಂಡವಾಳ ಐದು ವರ್ಷದ ಮೇಲೆ ಎಲ್ಲಿ ಉಳಿಯಿತು ಎಂಬುದಕ್ಕೆ ಸಮುದಾಯದ ಬಾಯಿಂದಲೇ ಬಂದ ದಾಖಲೆ ಬೇಕು. ಹಕ್ಕಿಪಿಕ್ಕಿ, ಹಾವಾಡಿಗ, ಕೋಲೆಬಸವದವರ ಬಗ್ಗೆ ಮೌಖಿಕ ಚರಿತ್ರೆಯ ಕೆಲಸ ಮಾಡುವ ಕರ್ನಾಟಕದ ಜಾನಪದ ವಿದ್ವಾಂಸರಿಗೆ ಇದು ತೆರೆದಿರುವ ಕ್ಷೇತ್ರ.

ಕರ್ನಾಟಕದ್ದೇ ಇನ್ನೊಂದು ಪ್ರಕರಣವನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಹೋರಾಟದ ಅಸಮಾನ ನೆಲ ಕಾಣುತ್ತದೆ. 2011ರಲ್ಲಿ ಗೂಳಿಗಳನ್ನೂ ನಿಷೇಧಿತ ಪ್ರದರ್ಶನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಅದರ ಬೆನ್ನಿಗೆ 2014ರಲ್ಲಿ ಎ. ನಾಗರಾಜ ಪ್ರಕರಣದ ತೀರ್ಪು ಜಲ್ಲಿಕಟ್ಟನ್ನು ನಿಲ್ಲಿಸಿತು. 2016ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. ಕರಾವಳಿ ಬೀದಿಗಿಳಿಯಿತು, ವಿಧಾನಸಭೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಒಪ್ಪಿತು. ಕಂಬಳದ ಕೋಣ ಮತ್ತು ಬೀದಿಯ ಕರಡಿಯ ಪಾಡು ಒಂದೇ ಎಂದು ನಾನು ಹೇಳುತ್ತಿಲ್ಲ. ಕೋಣವನ್ನು ಮನೆಯಲ್ಲಿ ಪ್ರೀತಿಯಿಂದಲೇ ಸಾಕುತ್ತಾರೆ, ಅದನ್ನು ಕಾಡಿನಿಂದ ಕದ್ದು ತರುವುದಿಲ್ಲ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಭೂಮಿ, ಮತ, ಸ್ಥಾನಮಾನ ಇರುವ ಸಮುದಾಯದ ಆಚರಣೆಗೆ ಕಾನೂನೇ ಬಾಗಿತು. ಗುಡಿಸಲೂ ನೆಟ್ಟಗಿಲ್ಲದ ಕಲಂದರರು ಕಾನೂನಿಗೆ ಬಾಗಿದರು. ಪ್ರಾಣಿಯ ನೋವನ್ನು ಒಂದೇ ಅಳತೆಯಿಂದ ಅಳೆಯಬೇಕೆನ್ನುವವರು ಬಡವನ ಆಟವನ್ನು ಮೊದಲು ನಿಲ್ಲಿಸುವ ಸುಲಭದ ದಾರಿಯ ಬಗ್ಗೆ ಎಚ್ಚರದಿಂದಿರಬೇಕು.

ಕೊನೆಯ ಪ್ರಶ್ನೆ ಬಂಧನದ್ದು. ಪುನರ್ವಸತಿ ಕೇಂದ್ರದ ಕರಡಿಯೂ ಬೇಲಿಯ ಒಳಗೇ ಇರುತ್ತದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ‘ಮೃಗಾಲಯ’ದ ವ್ಯಾಖ್ಯೆಯಲ್ಲಿ ಸರ್ಕಸ್ಸನ್ನೂ ಪುನರ್ವಸತಿ ಕೇಂದ್ರವನ್ನೂ ಒಟ್ಟಿಗೆ ಸೇರಿಸಿದೆ. ಕಾನೂನಿನ ಕಣ್ಣಿಗೆ ಒಂದೇ ಆದ ಇವೆರಡನ್ನು ಬೇರ್ಪಡಿಸುವುದು ಅಲ್ಲಿ ಪ್ರಾಣಿ ಯಾರಿಗಾಗಿ ಇದೆ ಎಂಬ ಸಂಗತಿ. ಬಿಡುಗಡೆಯಾದ ಕರಡಿ ಗಂಜಿ, ಹಣ್ಣು, ಜೇನು ತಿನ್ನುತ್ತದೆ, ಗೆದ್ದಲು ಹುಡುಕಿ ನೆಲ ಕೆದರುತ್ತದೆ, ಮರ ಹತ್ತುತ್ತದೆ, ಯಾರಾದರೂ ಕರೆದಾಗ ಎದ್ದು ನಿಲ್ಲಬೇಕಾಗಿಲ್ಲ. ಸರ್ಕಸ್ಸಿನಿಂದ ಬಿಡಿಸಿದ ಸಿಂಹ, ಹುಲಿಗಳಿಗೂ ಬನ್ನೇರುಘಟ್ಟದಲ್ಲಿ ಇಂಥದೇ ನೆಲೆ ದೊರೆಯಿತು. ಅಲ್ಲಿ ಅವುಗಳ ಸಂತಾನಾಭಿವೃದ್ಧಿಗೆ ಅವಕಾಶ ಕೊಡದೆ, ಇದ್ದವು ವಯಸ್ಸಾಗಿ ತೀರಿಕೊಳ್ಳುವವರೆಗೆ ನೋಡಿಕೊಳ್ಳಲಾಯಿತು. ತನ್ನ ಕೆಲಸ ಮುಗಿದು ಬರಿದಾಗುವುದೇ ಇಂಥ ಕೇಂದ್ರದ ಗುರಿ. ಸಾಕಿದ ಕರಡಿ 30 ವರ್ಷದವರೆಗೂ ಬದುಕಬಲ್ಲದು. ಮರಿಯಾಗಿದ್ದಾಗ ಬಂದ ಒಂದು ಕರಡಿಗೆ ಮೂರು ದಶಕದ ಊಟ, ಔಷಧ ಒದಗಿಸಬೇಕು. ಬಿಡುಗಡೆಯ ದಿನದ ಛಾಯಾಚಿತ್ರಕ್ಕೆ ಸಿಗುವ ದೇಣಿಗೆ ಹದಿನೈದನೇ ವರ್ಷದ ಗಂಜಿಗೆ ಸಿಗುವುದಿಲ್ಲ. ಸರ್ಕಾರದ ಖಾಯಂ ಅನುದಾನ ಬೇಕಿರುವುದು ಇಲ್ಲಿ.

ಗಡಿಯಾಚೆ ಕುಣಿತ ಇನ್ನಷ್ಟು ಕಾಲ ಮುಂದುವರಿಯಿತು. ನೇಪಾಳದಲ್ಲಿ ರಂಗೀಲಾ, ಶ್ರೀದೇವಿ ಎಂಬ ಎರಡು ಕರಡಿಗಳನ್ನು ಬಿಡಿಸಿದ್ದು 2017ರ ಡಿಸೆಂಬರ್‌ನಲ್ಲಿ. ಶ್ರೀದೇವಿ ಅಲ್ಲಿಯ ಮೃಗಾಲಯದಲ್ಲೇ ಸತ್ತಿತು. ರಂಗೀಲಾ 2018ರಲ್ಲಿ ಆಗ್ರಾ ಕೇಂದ್ರ ಸೇರಿತು. ನಮ್ಮಲ್ಲಿ 1960ರ ಕಾಯ್ದೆ ಇಂದಿಗೂ ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ ವಿಧಿಸುತ್ತದೆ, 21ನೇ ಕಲಮಿನಲ್ಲಿ ಟಿಕೆಟ್ಟಿನ ಮಾತು ಹಾಗೆಯೇ ಉಳಿದಿದೆ. ಬೀದಿಯಲ್ಲಿ ಕೋತಿ ಆಡಿಸುವುದು ನಿಂತಿಲ್ಲ. ಆ ಕಲಮಿನಿಂದ ಟಿಕೆಟ್ಟಿನ ಷರತ್ತನ್ನು ತೆಗೆಯಬೇಕು. ಅದನ್ನು ತೆಗೆಯುವ ಮಸೂದೆಯಲ್ಲೇ, ಕೋತಿಯನ್ನು ಒಪ್ಪಿಸುವ ಕುಟುಂಬಕ್ಕೆ ಕಲಂದರರಿಗೆ ಸಿಕ್ಕಂಥ ಬದಲಿ ಬದುಕಿನ ನೆರವನ್ನು ಹಕ್ಕಾಗಿ ಬರೆಯಬೇಕು.