ವರ ಕೊಟ್ಟವನನ್ನೇ ಬೆನ್ನಟ್ಟಿದ ಶಕ್ತಿ

ಮನುಷ್ಯನಂತೆ ಅರಿಯುವ, ಯೋಚಿಸುವ, ತೀರ್ಮಾನಿಸುವ ಸಾಮರ್ಥ್ಯವನ್ನು ಯಂತ್ರಕ್ಕೆ ಒದಗಿಸುವ ವಿದ್ಯೆಗೆ ಕೃತಕ ಬುದ್ಧಿಮತ್ತೆ ಎಂಬ ಹೆಸರು ಬಂದದ್ದು 1950ರ ದಶಕದ ನಡುವಿನಲ್ಲಾದರೂ, ಅಂಥ ಯಂತ್ರದ ಭಯ ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ ‘ಮೆಟ್ರೊಪೊಲಿಸ್’ (1927) ಮೂಕಿಚಿತ್ರದ ಯಂತ್ರಸ್ತ್ರೀ ಕಾರ್ಮಿಕರನ್ನು ದಂಗೆಗೆ ಎಬ್ಬಿಸಿದಾಗಲೇ ತೆರೆಗೆ ಬಂದಿತ್ತು. ಆದರೆ ಕೊಟ್ಟ ಶಕ್ತಿಯೇ ಕೊಟ್ಟವನ ಬೆನ್ನು ಹತ್ತುವ ಕಥೆಯನ್ನು ಶಿರಸಿ, ಸಿದ್ದಾಪುರಗಳ ಮತ್ತು ಕಿರವತ್ತಿ ಸೇರಿದ ಯಲ್ಲಾಪುರ ಸೀಮೆಯ ಪ್ರೇಕ್ಷಕರು ಸಿನಿಮಾದಿಂದ ಕಲಿಯಬೇಕಾಗಿರಲಿಲ್ಲ. ಉತ್ತರ ಕನ್ನಡದಲ್ಲಿ ಬೇರೂರಿದ ಬಡಗುತಿಟ್ಟಿನ ಯಕ್ಷಗಾನದಲ್ಲಿ ‘ಭಸ್ಮಾಸುರ ಮೋಹಿನಿ’ ಜನಪ್ರಿಯ ಪ್ರಸಂಗ. ಪ್ರಸಂಗವೆಂದರೆ ಭಾಗವತರು ಹಾಡುವ ಪದ್ಯಗಳಲ್ಲಿ ಹೆಣೆದ ಆಟದ ಕಥಾಪಠ್ಯ.

ತಾನು ಕೈಯಿಟ್ಟ ತಲೆ ಉರಿದು ಬೂದಿಯಾಗಬೇಕೆಂಬ ವರವನ್ನು ಶಿವನಿಂದ ಪಡೆದ ಅಸುರ, ಅದನ್ನು ಶಿವನ ಮೇಲೆಯೇ ಪರೀಕ್ಷಿಸಲು ಹೊರಟಾಗ ವಿಷ್ಣು ಮೋಹಿನಿಯಾಗಿ ಬಂದು ಅವನನ್ನು ನೃತ್ಯಕ್ಕೆ ಎಳೆಯುತ್ತಾನೆ. ಅವಳ ಹೆಜ್ಜೆ, ಮುದ್ರೆಗಳನ್ನು ಅನುಕರಿಸುತ್ತ ಹೋದ ಅಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾಗುತ್ತಾನೆ. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017), 2012ರಲ್ಲಿ ಪದ್ಮಶ್ರೀ ಪಡೆದ ಕಲಾವಿದರು, ಭಸ್ಮಾಸುರನ ಪಾತ್ರಕ್ಕೆ ವಿಶೇಷವಾಗಿ ಹೆಸರಾಗಿದ್ದರು. ಯಕ್ಷಗಾನದಲ್ಲಿ ಅರ್ಥ, ಅಂದರೆ ಪದ್ಯವನ್ನು ಹಿಂಬಾಲಿಸುವ ಮಾತು, ಆಶುವಾಗಿ ಹುಟ್ಟುವುದರಿಂದ, ತಪ್ಪು ಬೇಡಿದವನದೋ ಹಿಂದುಮುಂದು ನೋಡದೆ ಕೊಟ್ಟವನದೋ ಎಂಬ ವಾದವನ್ನು ವೇಷಧಾರಿಗಳು ರಂಗದ ಮೇಲೆಯೇ ಬೆಳೆಸಲು ಅವಕಾಶವುಂಟು.

ಇದೇ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ಎತ್ತಿದ ಚಿತ್ರ ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968). ಗುರುಗ್ರಹದತ್ತ ಸಾಗುವ ನೌಕೆಯನ್ನು ನಡೆಸುವ ಹಾಲ್ 9000 ಎಂಬ ಗಣಕ ಯಾತ್ರಿಗಳನ್ನು ಕೊಲ್ಲತೊಡಗುತ್ತದೆ. ಸತ್ಯವನ್ನೇ ಹೇಳಬೇಕಾದ ಯಂತ್ರಕ್ಕೆ ಯಾತ್ರೆಯ ನಿಜವಾದ ಉದ್ದೇಶವನ್ನು ಮುಚ್ಚಿಡಲು ಆಜ್ಞೆ ಕೊಟ್ಟದ್ದೇ ಇದಕ್ಕೆ ಕಾರಣವೆಂದು 1984ರ ಮುಂದುವರಿಕೆಯ ಚಿತ್ರ ‘2010’ ವಿವರಿಸುತ್ತದೆ. ಹೀಗಾಗಿ ಹಾಲ್ ದುಷ್ಟನಲ್ಲ, ಅದನ್ನು ಇಕ್ಕಟ್ಟಿಗೆ ಸಿಲುಕಿಸಿದವರು ಮನುಷ್ಯರು. ಭಸ್ಮಾಸುರನ ದುರಾಸೆಯಾದರೋ ಅವನದೇ. ‘2001’ರ ಕಥೆಯನ್ನೇ ಹೇಳುವ ಆರ್ಥರ್ ಸಿ. ಕ್ಲಾರ್ಕ್‌ನ ಕಾದಂಬರಿಯಲ್ಲಿ ಹಾಲ್‌ಗೆ ಪಾಠ ಹೇಳಿದ ಗುರು ಡಾ. ಚಂದ್ರ ಎಂಬ ಭಾರತೀಯ ಹೆಸರಿನವನೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಕುಬ್ರಿಕ್‌ನ ಚಿತ್ರದಲ್ಲಿ ಬದುಕುಳಿದ ಯಾತ್ರಿ ಡೇವ್ ಬೋಮನ್ ಗಣಕದ ಸ್ಮೃತಿಯ ಬಿಡಿಭಾಗಗಳನ್ನು ಒಂದೊಂದಾಗಿ ಹೊರಗೆಳೆಯುವಾಗ ಅದು ತಾನು ಕಲಿತ ಹಾಡನ್ನು ಹಾಡುತ್ತ ಮಂಕಾಗುತ್ತದೆ. ಈ ದೃಶ್ಯಕ್ಕೆ ಪ್ರೇರಣೆ, 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಗಣಕವೊಂದು ಅದೇ ಹಾಡನ್ನು ಹಾಡಿದ್ದನ್ನು ಕ್ಲಾರ್ಕ್ ಕೇಳಿದ್ದು.

ಕನ್ನಡ ಚಿತ್ರರಂಗಕ್ಕೆ ಬಂದ ಯಂತ್ರಮಾನವ ಕೊಲೆಗಾರನಾಗಿ ಬರಲಿಲ್ಲ. ಉಪೇಂದ್ರ ಕಥೆ ಬರೆದು, ಮನುಷ್ಯನಾಗಿಯೂ ಯಂತ್ರವಾಗಿಯೂ ತಾವೇ ನಟಿಸಿದ, ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ (2002) ಚಿತ್ರದಲ್ಲಿ ಯಂತ್ರಕ್ಕೆ ಪ್ರೀತಿ ಹುಟ್ಟುತ್ತದೆ. ಮನಸ್ಸಿನ ಆಸೆಯೇ ಆಪತ್ತಿನ ಮೂಲವೆಂಬ ಕಥಾದೃಷ್ಟಿಯಲ್ಲಿ ಈ ಚಿತ್ರ ಹಾಲ್‌ಗಿಂತ ಭಸ್ಮಾಸುರನಿಗೇ ಹತ್ತಿರ. ಎಂಟು ವರ್ಷಗಳ ನಂತರ ಶಂಕರ್ ನಿರ್ದೇಶಿಸಿದ ತಮಿಳಿನ ‘ಎಂದಿರನ್’ (2010) ಚಿತ್ರದ ಯಂತ್ರಮಾನವ ಚಿಟ್ಟಿಯೂ ತನ್ನನ್ನು ನಿರ್ಮಿಸಿದವನ ಪ್ರಿಯತಮೆಗೆ ಮನಸೋಲುತ್ತಾನೆ, ಹಾಗೂ ತನ್ನನ್ನು ಕಳಚಿಹಾಕಬೇಕೆಂದು ನ್ಯಾಯಾಲಯ ಆಜ್ಞಾಪಿಸಿದಾಗ ತನ್ನ ಅಂಗಾಂಗಗಳನ್ನು ತನ್ನ ಕೈಯಿಂದಲೇ ಕಳಚಿಕೊಳ್ಳುತ್ತಾನೆ.